ಬೀಗದ ಪಕ್ಕದ ಕಪ್ಪು

ನನ್ನ ಮೊಮ್ಮಗಳು ಮೇಘ ಮರದ ಕೆಲಸಕ್ಕೆ ಸೇರಿದ್ದಾಳೆ. ಈ ಒಂದು ಮಾತು ಬರೆಯಲಿಕ್ಕೆಂದೇ ನಾನು ಪೆನ್ನು ಹಿಡಿದದ್ದು ಎಂದರೂ ತಪ್ಪಿಲ್ಲ. ಗ್ರೋಸರಿ ಅಂಗಡಿಯಲ್ಲಿ ತೊಂಡೆಕಾಯಿ ಆರಿಸುತ್ತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದ್ದೇನೆ, ಬಸ್ಸಿನ ಡ್ರೈವರನಿಗೂ ಹೇಳಿದ್ದೇನೆ. ಸ್ಯಾನ್ ಮಟಿಯೋದಲ್ಲಿ ಹಳೆಯ ಮರದ ಸಾಮಾನು ರಿಪೇರಿ ಮಾಡುವ ವರ್ಕ್‌ಶಾಪು ಅದು. ನಾನು ರಿಟೈರ್ ಆಗುವ ತನಕ ನಿಂತಿದ್ದ ಬೆಂಚಿನಲ್ಲೇ ಈಗ ಅವಳು ನಿಲ್ಲುತ್ತಾಳೆ. ನನ್ನ ಉಳಿಗಳೇ ಅವಳ ಕೈಯಲ್ಲಿವೆ. ಅವನ್ನು ಅವಳು ನನಗಿಂತ ಚೆನ್ನಾಗಿ ಮಸೆಯುತ್ತಾಳೆ. ಇದನ್ನೂ ಎಲ್ಲರಿಗೂ ಹೇಳಿದ್ದೇನೆ.

ಅವಳ ಅಮ್ಮ, ಅಂದರೆ ನನ್ನ ಮಗಳು ಸುಜಾತ, ಮೊದಲು ಮುಖ ಊದಿಸಿಕೊಂಡಳು. "ಅಷ್ಟು ಓದಿಸಿದ್ದು ಮರ ಉಜ್ಜಲಿಕ್ಕಾ ಅಪ್ಪ? ಎಲ್ಲಾ ನಿಮ್ಮಿಂದಲೇ ಆದದ್ದು," ಎಂದಳು. ಅವಳು ಬೈದದ್ದು. ನನಗೆ ಮಾತ್ರ ಯಾರೋ ಶಾಲು ಹೊದೆಸಿದ ಹಾಗಾಯಿತು.

ಕೆಲಸಕ್ಕೆ ಸೇರುವ ಮೊದಲು ಮೇಘ ಬಂದು ನನ್ನ ಪಕ್ಕ ಕೂತು ಕೇಳಿದಳು, "ಅಜ್ಜ, ಕೆಲಸ ನಿಜವಾಗಿ ಹೇಗಿತ್ತು? ಟೆಲ್ ಮಿ ದ ರಿಯಲ್ ಸ್ಟೋರಿ." ನಾನು ಚೆಂದದ ಕತೆಗಳನ್ನಷ್ಟೇ ಹೇಳಿ ಕಳಿಸಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ; ಸುಜಾತ ಓದಿ ಹೇಳುತ್ತಾಳೆ. ಈ ಕೆಲಸಕ್ಕೆ ಇಳಿಯುವ ಬೇರೆ ಮಕ್ಕಳೂ ಓದಲಿ. ನಾನು ಐದನೆಯ ಕ್ಲಾಸು ದಾಟಿದವನಲ್ಲ. ಓದುವಾಗ ಗಂಟು ಸಿಕ್ಕಿದರೆ ನೀವೇ ಕೀಸಿಕೊಳ್ಳಿ.

ನಾನು ಉಡುಪಿ ಕಡೆಯ ಆಚಾರಿ, ಹೆಸರು ವಾಸು. ಅಪ್ಪನ ಕೈಕೆಳಗೆ ಹಲಸು, ತೇಗ, ಬೀಟೆಯಲ್ಲಿ ಕೈ ಪಳಗಿಸಿಕೊಂಡವನು. ನನ್ನ ಹೆಂಡತಿ ಗಿರಿಜಳ ಅಣ್ಣ, ನನ್ನ ಭಾವ, ಸನ್ನಿವೇಲಿನಲ್ಲಿ ದೋಸೆ ಹೋಟೆಲು ಇಟ್ಟಿದ್ದರು. ಅವರು ತಂಗಿಯ ಹೆಸರಲ್ಲಿ ಹಾಕಿದ ಗ್ರೀನ್ ಕಾರ್ಡಿನ ಅರ್ಜಿ ಪಾಸಾಗುವ ಹೊತ್ತಿಗೆ ನನ್ನ ತಲೆ ಅರ್ಧ ನರೆತಿತ್ತು. ಬಂದ ಮೇಲೆ ಭಾವನ ಹೋಟೆಲಿಗೆ ಮೇಜು ಮಾಡಿದೆ. ಮೊಳೆ ಹೊಡೆಯದೆ, ಊರಿನ ಕ್ರಮದಲ್ಲಿ, ಮರಕ್ಕೆ ಮರ ಕೂರಿಸಿ ಬೆಣೆ ಹೊಡೆದ ಮೇಜುಗಳು.

ಒಂದು ದಿನ ಒಬ್ಬರು ಎತ್ತರದ ಬಿಳಿ ಹೆಂಗಸು ಮಸಾಲೆ ದೋಸೆ ತಿಂದು ಮುಗಿಸಿ, ಕುರ್ಚಿ ಸರಿಸಿ, ಮೇಜಿನ ಅಡಿಗೆ ನುಗ್ಗಿದರು. ಭಾವ ಕೌಂಟರಿನಿಂದ ಓಡಿ ಬಂದರು. "ವಾಸು, ಹೆಲ್ತ್ ಡಿಪಾರ್ಟ್‌ಮೆಂಟಿನವಳು ಮಾರಾಯ. ಅಡಿಯಲ್ಲಿ ಎಂತದು ಅಂಟಿಸಿ ಇಟ್ಟಿದ್ದೀ?" ಎಂದರು. "ಎಂತದೂ ಇಲ್ಲ ಭಾವ, ಮರ ಮಾತ್ರ ಉಂಟು," ಎಂದೆ. ಆ ಹೆಂಗಸು ಮೊಣಕಾಲಲ್ಲೇ ಕೂತು, ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಭಾವ ತನ್ನ ತಲೆ ಉಳಿಸಿಕೊಳ್ಳುವ ಅವಸರದಲ್ಲಿ ನನ್ನ ಕಡೆ ಬೆರಳು ತೋರಿಸಿದರು. ಹಾಗೆ ನನಗೆ ಕೆಲಸ ಸಿಕ್ಕಿತು. ಅವರೇ ವರ್ಕ್‌ಶಾಪಿನ ಯಜಮಾನ್ತಿ ಹೆಲೆನ್. ಮರದ ಸಾಮಾನನ್ನು ಮೊದಲು ಅಡಿಯಿಂದ ನೋಡಬೇಕು ಎಂಬ ಮೊದಲ ಪಾಠವನ್ನು ಅವರು ಹೋಟೆಲಿನಲ್ಲೇ ಕೊಟ್ಟುಬಿಟ್ಟಿದ್ದರು.

ಎರಡನೆಯ ಪಾಠ ನಾಚಿಕೆಯಿಂದ ಬಂತು. ಓಕ್ ಮರವನ್ನು ನಾನು ಮೊದಲು ಮುಟ್ಟಿದ್ದು ಅಲ್ಲಿಯೇ. ಕತ್ತರಿಸುವಾಗ ಹುಳಿ ವಾಸನೆ, ಸೀಳಿದ ಮೈಯಲ್ಲಿ ಅಲ್ಲಲ್ಲಿ ಬೆಳ್ಳಿಯ ಮಿಂಚು. ಮರ ಅಂದರೆ ಮರ, ಇದರಲ್ಲಿ ಕಲಿಯಲಿಕ್ಕೆ ಎಂತ ಉಂಟು ಎಂಬ ಜಂಬ ನನ್ನದು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಒದ್ದೆ ಹಲಗೆಯ ಮೇಲೆ ಉಳಿ ಇಟ್ಟು ಹೋದೆ. ಬಂದು ಎತ್ತಿದರೆ ಉಳಿಯ ಆಕಾರದಲ್ಲೇ ಶಾಯಿ ಚೆಲ್ಲಿದಂಥ ಕಪ್ಪು ಕಲೆ. ಹೆಲೆನ್ ವಿವರಿಸಿದ್ದು ಇಂಗ್ಲಿಷಿನಲ್ಲಿ, ಅದೂ ರಸಾಯನ ಶಾಸ್ತ್ರದ ಇಂಗ್ಲಿಷು. ನಾನು ತಲೆಯಾಡಿಸಿದೆ, ಏನೂ ತಿಳಿಯಲಿಲ್ಲ. ಮನೆಗೆ ಬಂದರೆ ಗಿರಿಜ ಬಾಳೆಕಾಯಿ ಹೆಚ್ಚುತ್ತಿದ್ದಳು. ಕತ್ತಿಯ ಬಾಯೆಲ್ಲ ಕಪ್ಪು. ಆಗ ತಿಳಿಯಿತು. ಓಕ್ ಮರದೊಳಗೆ ಬಾಳೆಕಾಯಿಯಂಥ ಒಗರು ಉಂಟು. ನೀರು ಮತ್ತು ಕಬ್ಬಿಣ ಒಟ್ಟಿಗೆ ತಾಗಿದರೆ ಕಪ್ಪಾಗುತ್ತದೆ. ಅಂದಿನಿಂದ ಒದ್ದೆ ಓಕಿನ ಹತ್ತಿರ ಕಬ್ಬಿಣ ತರಲಿಲ್ಲ. ಈ ಎಚ್ಚರವೇ ಮುಂದೆ ನನ್ನನ್ನು ಬೇರೆ ಹಳ್ಳಕ್ಕೆ ಹಾಕಿತು.

ಹೆಲೆನ್ ಬಹಳ ಮಾತಿನವರಲ್ಲ. ಬಂದ ಕಪಾಟಿನ ಮುಂದೆ ನನ್ನನ್ನು ನಿಲ್ಲಿಸಿ, "ಯಾವ ಊರಿನದು?" ಎಂದು ಕೇಳುವರು. ಹೇಳಲಾಗದೆ ನಿಂತರೆ ಬೆರಳಿಟ್ಟು ತೋರಿಸುವರು. ಬಾಗಿಲ ಮೇಲೆ ವಜ್ರದಂತೆ ಮುಖ ಕಡಿದಿದ್ದರೆ ಫ್ರಾನ್ಸಿನ ದಕ್ಷಿಣದ ಕಡೆ. ಸಣ್ಣ ಸಣ್ಣ ಕಂಬಗಳನ್ನು ಕಡೆದು ಚಕ್ರದ ಹಾಗೆ ಜೋಡಿಸಿದ್ದರೆ ಫ್ರಾನ್ಸಿನ ಪಶ್ಚಿಮದ ಬ್ರಿಟನಿ. ಹೂವಿನ ಬುಟ್ಟಿ, ಗೋಧಿ ತೆನೆ, ಕೊಕ್ಕಿಗೆ ಕೊಕ್ಕು ತಾಗಿಸಿದ ಎರಡು ಪಾರಿವಾಳ ಇದ್ದರೆ ಉತ್ತರದ ನಾರ್ಮಂಡಿ. ಅದು ಮದುವೆಯ ಕಪಾಟು. ಅವರ ಹತ್ತಿರ ಇನ್ನೊಂದು ಕಟ್ಟುನಿಟ್ಟು ಇತ್ತು. ಗಿರಾಕಿಯ ಸಾಮಾನು ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ಅದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ.

ನನಗೆ ಬಡ್ತಿ ಸಿಕ್ಕಿದ್ದು, ಬೇರೆಯವರಿಗೆ ಕಲಿಸಲು ಹಾಕಿದ್ದು, ಅದೆಲ್ಲ ಬಿಡುವ. ಕಂಪ್ಯೂಟರ್ ಕಂಪನಿಗಳಿಗೆ ದುಡ್ಡಿನ ಮಳೆ ಸುರಿದ ಡಾಟ್‌ಕಾಮ್ ಕಾಲದಲ್ಲಿ ನನ್ನ ಹೆಸರು ಮೇಲೆ ಬಂದದ್ದು ಯಾವ ಕೆಲಸಕ್ಕೆ ಎಂದರೆ ಹೇಳಲು ಈಗಲೂ ತಲೆ ತಗ್ಗುತ್ತದೆ: ಹೊಸದನ್ನು ಹಳೆಯದು ಮಾಡುವುದಕ್ಕೆ.

ಆಗ ಎಲ್ಲರಿಗೂ ದೊಡ್ಡ ಮನೆ, ಮನೆಗೆಲ್ಲ ಹಳೆಯ ಕಪಾಟು ಬೇಕು, ಅದರ ಹೊಟ್ಟೆಯಲ್ಲಿ ದೊಡ್ಡ ಟೀವಿ ಕೂರಬೇಕು. ಅಷ್ಟು ಆಳದ ಹಳೆಯ ಕಪಾಟು ಎಲ್ಲಿ ಸಿಗಬೇಕು? ಹೊಸ ಓಕಿನಲ್ಲಿ ಮಾಡಿ, ಹಿಂದೆ ವಯರಿಗೆ ತೂತು ಕೊರೆದು, ಅದಕ್ಕೆ ಹಳೆತನ ಹತ್ತಿಸುತ್ತಿದ್ದೆವು. ಸೈಕಲ್ ಚೈನಿನಿಂದ ಹೊಡೆದು ಪೆಟ್ಟು ಮಾಡುವುದು. ದಬ್ಬಳದಿಂದ ಚುಚ್ಚಿ ಹುಳು ತಿಂದ ತೂತು ಮಾಡುವುದು. ಮೇಣಕ್ಕೆ ಮಸಿ ಕಲಸಿ ಮೂಲೆಗಳಿಗೆ ತಿಕ್ಕಿ ಕೈ ತಾಗಿ ಆದ ಕಪ್ಪು ಬರಿಸುವುದು. ಮರಕ್ಕೆ ಚೈನಿನಿಂದ ಹೊಡೆಯುವುದನ್ನು ಅಪ್ಪ ನೋಡಿದ್ದರೆ ಅದೇ ಚೈನಿನಿಂದ ನನಗೂ ಬಾರಿಸುತ್ತಿದ್ದರು. ಆದರೆ ನನ್ನ ಕೈಯಲ್ಲಿ ಅದು ಎಷ್ಟು ಚೆನ್ನಾಗಿ ಬರುತ್ತಿತ್ತು ಎಂದರೆ, ಮಸಿ ಮೇಣದ ಡಬ್ಬಕ್ಕೆ ವರ್ಕ್‌ಶಾಪಿನಲ್ಲಿ ನನ್ನ ಹೆಸರೇ ಬಿದ್ದಿತ್ತು. ಹೆಲೆನ್ ಇದನ್ನು ಹಳೆಯ ಮಾದರಿಯದು ಎಂದು ಹೇಳಿಯೇ ಮಾರುತ್ತಿದ್ದರು. ಮನೆಗೆ ಹೋದ ಮೇಲೆ ಗಿರಾಕಿಗಳು ಅದನ್ನು ಏನೆಂದು ಹೇಳಿಕೊಳ್ಳುತ್ತಿದ್ದರೋ ಅದು ಅವರವರ ಇಷ್ಟ.

ಹಾಸನದ ಕಡೆಯ ಸತೀಶ ಎಂಬ ಹುಡುಗ ಅಂಥದೊಂದನ್ನು ಕೊಂಡು ಲಿವರ್‌ಮೋರಿನ ತನ್ನ ಹೊಸ ಮನೆಯಲ್ಲಿ ಇಟ್ಟ. ನಾನು ಬಾಗಿಲು ಕೂರಿಸಲು ಹೋದ ದಿನವೇ ಅಲ್ಲಿ ಗೃಹಪ್ರವೇಶದ ಊಟ. ಕನ್ನಡದವರು ಎಂದು ನನ್ನನ್ನೂ ಕೂರಿಸಿದ. ಬಂದವರಿಗೆಲ್ಲ ಕಪಾಟು ತೋರಿಸುತ್ತ, "ಫ್ರೆಂಚ್ ಆಂಟೀಕು ಕಣ್ರೀ, ಇನ್ನೂರು ವರ್ಷದ್ದು. ಆ ಹೋಲ್ಸ್ ನೋಡಿ, ಒರಿಜಿನಲ್," ಎನ್ನುತ್ತಿದ್ದ. ನಾನು ಎಲೆಯಿಂದ ತಲೆ ಎತ್ತಲಿಲ್ಲ.

ಊರಿನಿಂದ ಬಂದಿದ್ದ ಅವನ ತಾಯಿ ತೂತುಗಳನ್ನು ಹತ್ತಿರದಿಂದ ನೋಡಿ ನನ್ನ ಕಡೆ ತಿರುಗಿದರು. "ಆಚಾರ್ರೇ, ಇದ್ಕೆ ಹುಳ ಬಿದ್ದದೆ. ನನ್ ಮಗ ಕಾಸ್ ಕೊಟ್ಟು ಹುಳ ತಂದವ್ನೆ. ಸೀಮೆಎಣ್ಣೆ ಬಿಟ್ರೆ ಸಾಯ್ತವಾ?"

"ಹುಳ ಇಲ್ಲ ಅಮ್ಮ," ಎಂದೆ.

"ಇಲ್ದೆ ತೂತು ಹೆಂಗಾಯ್ತು? ದಬ್ಬಳ ತಕಂಡು ಯಾರಾದ್ರೂ ಚುಚ್ಚವ್ರಾ?"

ನಾನು ಎಲೆ ಮಡಚಿದೆ. ಸತೀಶ ನಕ್ಕು ತಾಯಿಯನ್ನು ಒಳಗೆ ಕರೆದುಕೊಂಡು ಹೋದ. ಪಾಯಸಕ್ಕೆ ಕಾಯದೆ ಹೊರಟು ಬಂದೆ. ನಾಚಿಕೆ ಅಂದರೆ ಇದೇ, ಇದಕ್ಕಿಂತ ದೊಡ್ಡದು ಇರಲಿಕ್ಕಿಲ್ಲ ಎಂದುಕೊಂಡಿದ್ದೆ.

ಮಾದಾಮ್ ಓಡೆಟ್ ಬಂದದ್ದು ಅದಾದ ಮೇಲೆ. ಸ್ಯಾನ್ ಮಟಿಯೋದಲ್ಲೇ ಇದ್ದ ಅಜ್ಜಿ, ಹುಟ್ಟೂರು ನಾರ್ಮಂಡಿ. ಅವರ ಕಪಾಟಿನ ನೆತ್ತಿಯ ಮೇಲೆ ಎರಡು ಪಾರಿವಾಳ. ಅವರ ಮುತ್ತಜ್ಜಿ ಹುಟ್ಟಿದಾಗ ಹೊಲದ ಅಂಚಿನ ಓಕ್ ಮರ ಕಡಿದು, ಹಲಗೆ ಸೀಳಿ ಒಣಗಲು ಇಟ್ಟು, ಅವಳ ಮದುವೆಯ ಹೊತ್ತಿಗೆ ಆ ಊರಿನ ಬಡಗಿ ಮಾಡಿ ಕೊಟ್ಟದ್ದಂತೆ. ಆಮೇಲೆ ತಾಯಿಯಿಂದ ಮಗಳಿಗೆ ಬಂತು. ಈಗ ಈ ಅಜ್ಜಿಯ ಮೊಮ್ಮಗಳ ಮದುವೆ. ಕಪಾಟು ಅವಳ ಮನೆಗೆ ಹೋಗಬೇಕು. ಬಾಗಿಲೊಂದು ಜೋತುಬಿದ್ದಿತ್ತು. ಬೀಗದ ಪಕ್ಕ ಅಂಗೈ ಇಟ್ಟು ಒತ್ತಿದರೆ ಮಾತ್ರ ಕೀಲಿ ತಿರುಗುತ್ತಿತ್ತು. "ಬಾಗಿಲು ಸರಿ ಮಾಡಿದರೆ ಸಾಕು," ಎಂದಷ್ಟೇ ಹೇಳಿ ಅಜ್ಜಿ ಹೋದರು. ಹೆಲೆನ್ ಬೇರೆ ಊರಿಗೆ ಮಾಲು ನೋಡಲು ಹೊರಟಿದ್ದರು; ಕೆಲಸ ನನ್ನ ಮೇಲೆ ಬಿತ್ತು.

ಆ ಕಪಾಟನ್ನು ಬಿಚ್ಚಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೊಳೆ ಇಲ್ಲ, ಅಂಟು ಇಲ್ಲ. ನೆತ್ತಿಯ ಪಟ್ಟಿಯನ್ನು ಎತ್ತಿದರೆ ಬಂತು. ಬಾಗಿಲುಗಳನ್ನು ಮೇಲಕ್ಕೆ ಎತ್ತಿದರೆ ಬಿಜಾಗರಿಯಿಂದ ಕಳಚಿದವು. ಬೆಣೆಗಳನ್ನು ಒಳಗಿನಿಂದ ಮೆಲ್ಲಗೆ ತಟ್ಟಿದರೆ ಒಂದೊಂದಾಗಿ ಹೊರಗೆ ಬಂದವು. ಮದುಮಗಳ ಜೊತೆ ಗಾಡಿಯಲ್ಲಿ ಹಾಕಿ ಕಳಿಸಲಿಕ್ಕೆಂದೇ ಹಾಗೆ ಮಾಡುತ್ತಿದ್ದರಂತೆ. ಹೆಸರೂ ಗೊತ್ತಿಲ್ಲದ ಆ ಊರಿನ ಬಡಗಿ ನನಗೆ ಅಪ್ಪನ ಕುಲದವನಂತೆ ಕಂಡ. ಅವನೂ ನಮ್ಮ ಹಾಗೆ ಬೆಣೆಯನ್ನು ಚೌಕ ಕೆತ್ತಿ ದುಂಡು ತೂತಿಗೆ ಹೊಡೆದಿದ್ದ.

ಆ ಸಂತೋಷದಲ್ಲೇ ಕೆಟ್ಟೆ. ಬಾಗಿಲು ಸರಿ ಮಾಡಿದೆ, ಅರ್ಧ ದಿನದ ಕೆಲಸ. ಆಮೇಲೆ ಕಪಾಟಿನ ಮೈ ನೋಡಿದೆ. ಎಲ್ಲೆಲ್ಲೂ ಹಳೆಯ ಮೇಣ ಕಪ್ಪುಗಟ್ಟಿದೆ, ಹೂವಿನ ಬುಟ್ಟಿಯ ಸಂದಿಯಲ್ಲೆಲ್ಲ ಮಣ್ಣು. ಬೀಗದ ಪಕ್ಕ ಅಂಗೈಯಷ್ಟು ಅಗಲ ಜಿಡ್ಡುಗಪ್ಪು. ಹಿತ್ತಾಳೆಯ ಬೀಗದ ತಗಡು ಮಂಕಾಗಿದೆ. ಮದುವೆ ಮನೆಗೆ ಹೀಗೆ ಕಳಿಸುವುದೇ? ನಮ್ಮಲ್ಲಿ ಮದುವೆ ಅಂದರೆ ಗೋಡೆಗೆ ಸುಣ್ಣ, ಪಾತ್ರೆಗೆಲ್ಲ ಹುಣಸೆಹುಳಿ. ಮಣೆಯಿಂದ ಹಿಡಿದು ಬಾಗಿಲವರೆಗೆ ತೊಳೆಯದ ವಸ್ತು ಇರುವುದಿಲ್ಲ. ತೊಳೆಯದೆ ಕೊಟ್ಟರೆ ಅವಮಾನ. ಅಜ್ಜಿ ಕೇಳಲಿಲ್ಲ, ಸಂಕೋಚದವರು. ಕೇಳದಿದ್ದರೂ ಮಾಡುವುದು ದೊಡ್ಡತನ ಎಂದುಕೊಂಡೆ.

ಭಾವನ ಹೋಟೆಲಿನಿಂದ ಹುಣಸೆಹುಳಿ ತಂದೆ. ಗಿರಿಜಳ ಡಬ್ಬಿಯಿಂದ ಅಂಟುವಾಳದ ಕಾಯಿ ತಂದು ನೆನೆಹಾಕಿದೆ. ಓಕಿಗೆ ಕಬ್ಬಿಣ ಆಗದಲ್ಲ, ಅದಕ್ಕೆ ತೆಂಗಿನ ನಾರು. ನೋಡಿ ನನ್ನ ಬುದ್ಧಿ. ಎಷ್ಟು ಜಾಗ್ರತೆ. ಮೂರು ದಿನ ಕೂತು ಸಂದಿಸಂದಿಯನ್ನೂ ತಿಕ್ಕಿದೆ. ಬೀಗದ ಪಕ್ಕದ ಜಿಡ್ಡು ಹೋಗಲು ಮಾತ್ರ ಬಹಳ ಸತಾಯಿಸಿತು. ಅದನ್ನು ಕೊನೆಗೆ ಉಪ್ಪುಕಾಗದ ಹಾಕಿ ತೆಗೆದೆ. ಹಿತ್ತಾಳೆ ಬಂಗಾರದಂತಾಯಿತು. ಓಕ್ ಹೊಸ ಹಲಗೆಯ ಬಣ್ಣಕ್ಕೆ ಬಂತು. ಅರಗಿನ ಪಾಲಿಶ್ ಎಳೆದು ನಿಂತು ನೋಡಿದರೆ ನನ್ನ ಮುಖವೇ ಕಾಣುತ್ತಿತ್ತು. ಆ ದಿನ ಹಾಡು ಗುನುಗುತ್ತ ಮನೆಗೆ ಬಂದೆನೆಂದು ಗಿರಿಜ ಈಗಲೂ ಹೇಳುತ್ತಾಳೆ.

ಹೆಲೆನ್ ಬಂದವರು ಕೋಟು ಬಿಚ್ಚದೆ ಒಂದು ಸ್ಟೂಲು ಎಳೆದು ಕೂತರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಬೀಗದ ಹತ್ತಿರ ಏನಿತ್ತು?" ಎಂದರು.

"ಕೊಳೆ. ಪೂರ್ತಿ ತೆಗೆದೆ."

"ಅದು ಕೈ, ವಾಸು." ಅವರು ಸ್ವರ ಏರಿಸಲಿಲ್ಲ. "ಮುತ್ತಜ್ಜಿ, ಅಜ್ಜಿ, ತಾಯಿ, ಆಕೆ. ಪ್ರತಿ ಸಲ ಬಾಗಿಲು ತೆಗೆಯುವಾಗ ಒತ್ತಿದ ಕೈ."

ಯಾರದೋ ಮನೆಯ ನಾಲ್ಕು ತಲೆಮಾರಿನ ಹೆಂಗಸರ ಕೈಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಆ ಪುಡಿಯನ್ನು ಗುಡಿಸಿ ಕಸಕ್ಕೆ ಹಾಕಿದ್ದೆ. ಅದೂ ಗುನುಗುತ್ತ.

ಅಜ್ಜಿ ಬರುವುದು ಎರಡು ದಿನ ಬಿಟ್ಟು. ಮಸಿ ಮೇಣದ ನನ್ನ ಡಬ್ಬ ಅಲ್ಲೇ ಶೆಲ್ಫಿನಲ್ಲಿತ್ತು. "ನಾನು ಸರಿ ಮಾಡುತ್ತೇನೆ," ಎಂದೆ. "ಮೊದಲಿನ ಹಾಗೇ ಕಪ್ಪು ಬರಿಸುತ್ತೇನೆ. ಅಂಗೈಯ ಆಕಾರ ನನಗೆ ನೆನಪುಂಟು. ಅವರಿಗೆ ಗೊತ್ತಾಗುವುದಿಲ್ಲ."

"ಗೊತ್ತಾಗುವುದಿಲ್ಲ," ಹೆಲೆನ್ ಒಪ್ಪಿದರು. "ಈ ಕೆಲಸವನ್ನು ನಿನ್ನಷ್ಟು ಚೆನ್ನಾಗಿ ಮಾಡುವವರು ಇಲ್ಲ. ಆಮೇಲೆ ಆಕೆ ಅದರ ಮೇಲೆ ಕೈ ಇಟ್ಟು, ನನ್ನ ಅಮ್ಮ ಅಂದುಕೊಳ್ಳುತ್ತಾಳೆ. ನಿನಗೆ ಆಗುತ್ತದೆಯಾದರೆ ಮಾಡು." ಅಷ್ಟು ಹೇಳಿ ಎದ್ದು ಆಫೀಸಿಗೆ ಹೋದರು.

ಡಬ್ಬದ ಮುಚ್ಚಳ ತೆಗೆದೆ. ಬಟ್ಟೆಗೆ ಮೇಣ ಹಚ್ಚಿಕೊಂಡೆ. ಕಪಾಟಿನ ಎದುರು ನಿಂತಾಗ ಹಾಸನದ ಆ ತಾಯಿಯ ಮಾತು ಕಿವಿಯಲ್ಲಿ ಬಂತು: ಯಾರಾದ್ರೂ ಚುಚ್ಚವ್ರಾ? ಟೀವಿ ಕೂರಿಸುವ ಕಪಾಟಿಗೆ ಸುಳ್ಳು ಹಚ್ಚಿದ್ದು ಒಂದು. ಇದು ಬೇರೆ. ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕಿದೆ. ಅರಗಿನ ಹೊಳಪನ್ನು ಮಾತ್ರ ಇಳಿಸಿ, ಬಣ್ಣವಿಲ್ಲದ ಮೇಣ ಹಚ್ಚಿ, ಬೆತ್ತಲೆ ಮರವನ್ನು ಬೆತ್ತಲೆಯಾಗಿಯೇ ಬಿಟ್ಟೆ.

ಮಾದಾಮ್ ಓಡೆಟ್ ಬಂದರು. ಹೆಲೆನ್ ಬಾಯಿ ತೆರೆಯುವ ಮೊದಲೇ ನಾನು ಮುಂದೆ ಹೋಗಿ, ನನ್ನ ಮುರುಕು ಇಂಗ್ಲಿಷಿನಲ್ಲಿ, ತೊಳೆದದ್ದು ನಾನು, ಯಾರೂ ಹೇಳಿರಲಿಲ್ಲ, ಮದುವೆಗೆ ಎಂದು ಮಾಡಿದೆ ಎಂದೆ. ಅಜ್ಜಿ ಕಪಾಟಿನ ಹತ್ತಿರ ಹೋದರು. ಕೀಲಿ ಹಾಕಿದರು. ರೂಢಿಯಂತೆ ಎಡಗೈ ತಾನಾಗಿ ಬೀಗದ ಪಕ್ಕಕ್ಕೆ ಹೋಗಿ ಒತ್ತಿತು. ಒತ್ತುವ ಮೊದಲೇ ಕೀಲಿ ತಿರುಗಿತ್ತು. ಕೈ ಅಲ್ಲೇ ಉಳಿಯಿತು.

"ಈಗ ಒತ್ತಬೇಕಾಗಿಲ್ಲ," ಎಂದರು.

"ಇಲ್ಲ ಮಾದಾಮ್."

"ನಿಮ್ಮ ಊರಿನಲ್ಲಿ ಮದುವೆಗೆ ಎಲ್ಲವನ್ನೂ ತೊಳೆಯುತ್ತಾರೆಯೇ?"

"ಹೌದು."

"ನಮ್ಮಲ್ಲೂ. ನನ್ನ ಮದುವೆಗೆ ಅಮ್ಮ ಕೋಳಿಗೂಡನ್ನೂ ತೊಳೆದಿದ್ದಳು." ಬೀಗದ ಪಕ್ಕದಿಂದ ಕೈ ತೆಗೆಯುತ್ತ, "ಇದನ್ನು ಒಂದು ಬಿಟ್ಟು," ಎಂದರು.

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಹೊರಡುವಾಗ ನನ್ನ ತೋಳು ತಟ್ಟಿ, ಬಾಗಿಲು ಚೆನ್ನಾಗಿ ಕೂತಿದೆ ಎಂದರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಅವರ ಬೂಟು ಯಾವ ಬಣ್ಣದ್ದಿತ್ತು ಎಂದು ಈಗಲೂ ಹೇಳಬಲ್ಲೆ.

ಆಮೇಲೆ ಡಾಟ್‌ಕಾಮ್ ಗಾಳಿ ಇಳಿಯಿತು. ಟೀವಿಗಳು ಹಲಗೆಯಷ್ಟು ತೆಳ್ಳಗಾಗಿ ಗೋಡೆ ಏರಿದವು. ನಾವು ಹೊಡೆದು ಚುಚ್ಚಿ ಮಾಡಿದ ಕಪಾಟುಗಳು ಹಿಂದೆ ತೂತಿಟ್ಟುಕೊಂಡು ಗ್ಯಾರೇಜುಗಳಿಗೆ ಹೋದವು. ಮಸಿ ಮೇಣದ ಡಬ್ಬವನ್ನು ನಾನು ಮತ್ತೆ ತೆರೆಯಲಿಲ್ಲ. ತೊಳೆಯುವ ಕೆಲಸ ಬಂದರೆ ಗಿರಾಕಿಯನ್ನು ಕರೆಸಿ, ಒಂದೊಂದು ಕಲೆಗೂ ಬೆರಳಿಟ್ಟು, ಇದು ಯಾರದು ಎಂದು ಕೇಳುವ ಅಭ್ಯಾಸ ಮಾಡಿಕೊಂಡೆ. ಕೆಲವರು ನಕ್ಕರು, ಕೆಲವರು ಅತ್ತರು. ಹೊಸದಾಗಿ ಬರುವವರಿಗೆ ನಾನು ಹೇಳುವ ಬುದ್ಧಿಮಾತು ಅಷ್ಟೇ. ಹೆಲೆನ್ ಈಗ ಇಲ್ಲ. ಅವರ ಮಗಳು ವರ್ಕ್‌ಶಾಪು ನಡೆಸುತ್ತಾಳೆ.

ಹೋದ ತಿಂಗಳು ಮೇಘ ಫೋನು ಮಾಡಿದಳು. "ಅಜ್ಜ, ಕಮ್ ನೌ. ಒಂದು ಕಪಾಟು ಬಂದಿದೆ. ಎರಡು ಪಾರಿವಾಳ ಇದೆ."

ಭಾವನ ಹೋಟೆಲಿನಲ್ಲಿ ಎಣ್ಣೆಯಲ್ಲಿ ಕರಿದ ಗೋಳಿಬಜೆ ತಿನ್ನುತ್ತಿದ್ದೆ, ಅವಳಿಗೂ ಹಾಗೆಂದೆ. ಅರ್ಧಕ್ಕೆ ಬಿಟ್ಟು ಟ್ರೇನು ಹಿಡಿದೆ. ಒಳಗೆ ಹೋದಾಗ ಅವಳು ಕಪಾಟಿನ ಅಡಿಯಲ್ಲಿ ಮಲಗಿದ್ದಳು, ಕಾಲು ಮಾತ್ರ ಹೊರಗೆ. ಅಡಿಯಿಂದ ನೋಡುತ್ತಿದ್ದಾಳೆ ಎಂದು ನನ್ನ ಎದೆ ಉಬ್ಬಿತು. ಕಪಾಟಿನ ಮುಖ ನೋಡಿದ ಕೂಡಲೇ ಇಳಿಯಿತು.

ಮೇಘ ಎದ್ದು ಬಂದು ಹುರುಪಿನಿಂದ ಹೇಳತೊಡಗಿದಳು. "ನಾರ್ಮಂಡಿ, ರೈಟ್? ಬಟ್ ಲುಕ್, ಯಾರೋ ಇದನ್ನ ಒಮ್ಮೆ ಪೂರ್ತಿ ತೊಳೆದುಬಿಟ್ಟಿದ್ದಾರೆ. ಹಾರಿಬಲ್ ಜಾಬ್, ಅಜ್ಜ. ಹೂ ಡಸ್ ದ್ಯಾಟ್?"

"ನಾನು," ಎಂದೆ.

ಅವಳು ನಗಲಿಲ್ಲ. ಸ್ಟೂಲು ತಂದು ಕೊಟ್ಟಳು. ಕೂತು, ಈ ಕಪಾಟಿನ ಕತೆಯಷ್ಟನ್ನು ಹೇಳಿದೆ; ಉಳಿದದ್ದಕ್ಕೆ ಈ ಬರಹ. ಅವಳು ಪೂರ್ತಿ ಕೇಳಿ, ನನ್ನ ತೋಳು ಹಿಡಿದು ಬೀಗದ ಹತ್ತಿರ ಕರೆದುಕೊಂಡು ಹೋದಳು. ಬಾಗಿಲು ಮತ್ತೆ ಜೋತುಬಿದ್ದಿತ್ತು. ಬೀಗದ ಪಕ್ಕ ನಸು ಕಪ್ಪು, ಅಂಗೈಯಷ್ಟು. ಅದರ ಕೆಳಗೆ, ಸೊಂಟದ ಎತ್ತರದಲ್ಲಿ, ಸಣ್ಣ ಸಣ್ಣ ಕೈಗಳ ಮಬ್ಬು ಗುರುತು. ಮಾದಾಮ್ ಓಡೆಟ್ ತೀರಿಹೋಗಿ ಬಹಳ ಕಾಲವಾಯಿತಂತೆ. ಕಪಾಟು ಈಗಲೂ ಆ ಮೊಮ್ಮಗಳದೇ. ಅವಳಿಗೆ ಇಬ್ಬರು ಮಕ್ಕಳು.

"ಬಾಗಿಲು ಪೂರ್ತಿ ಸರಿ ಮಾಡಿದ್ರೆ ಅವರು ಒತ್ತೋದೇ ಬೇಡ," ಮೇಘ ಹೇಳಿದಳು. "ದೆನ್ ಇಟ್ ಸ್ಟಾಪ್ಸ್. ಏನು ಮಾಡಲಿ ಅಜ್ಜ?"

"ನನ್ನನ್ನು ಕೇಳಬೇಡ ಮಗಾ. ಅವರನ್ನು ಕೇಳು."

ಅವಳು ಅಲ್ಲೇ ನಿಂತು ಫೋನು ಮಾಡಿದಳು. ಆ ಕಡೆಯಿಂದ ಬಂದ ಮಾತು ನನಗೆ ಕೇಳಿಸಲಿಲ್ಲ. ಮೇಘ ಮಾತ್ರ ಒಂದೇ ಸಮನೆ ತಲೆಯಾಡಿಸಿದಳು. ಇಟ್ಟ ಮೇಲೆ, "ಬಾಗಿಲು ಬೀಳದ ಹಾಗೆ ಮಾಡಿ ಸಾಕು, ಸ್ವಲ್ಪ ಒತ್ತಬೇಕಾಗುವ ಹಾಗೇ ಬಿಡಿ ಅಂದ್ರು," ಎಂದಳು. ಬಿಜಾಗರಿಗೆ ಒಂದು ತೆಳ್ಳನೆಯ ಹಿತ್ತಾಳೆ ಬಿಲ್ಲೆ ಹಾಕಿ ಬಾಗಿಲನ್ನು ಕೂದಲೆಳೆಯಷ್ಟು ಎತ್ತಿದಳು. ಇನ್ನೊಂದು ಹಾಕಿದ್ದರೆ ಪೂರ್ತಿ ಸರಿಯಾಗುತ್ತಿತ್ತು. ಅವಳ ಕೈ ಅಲ್ಲಿಗೆ ನಿಂತಿತು. ನನ್ನ ಕೈಗೆ ತಲೆ ನರೆತ ಮೇಲೂ ನಿಲ್ಲಲು ಗೊತ್ತಿರಲಿಲ್ಲ.

"ಟ್ರೈ ಮಾಡಿ ಅಜ್ಜ," ಎಂದು ಕೀಲಿ ಕೊಟ್ಟಳು.

ಕೀಲಿ ಹಾಕಿದೆ. ಎಡಗೈ ಎತ್ತಿದೆ.

"ಅಜ್ಜ, ಕೈ ತೊಳ್ಕೊಂಡ್ರಾ? ಗೋಳಿಬಜೆ ತಿಂದು ಬಂದ್ರಿ ಅಲ್ವಾ?"

"ಇಲ್ಲ," ಎಂದು, ಬೀಗದ ಪಕ್ಕ ಅಂಗೈ ಇಟ್ಟು ಒತ್ತಿದೆ.